ಕವಡೆ, ದಾಳ, ಟಾಸ್: ಸಂಭವನೀಯತೆಯ ಬಗ್ಗೆ ಓದುಗರ ಪ್ರಶ್ನೆಗಳು

ಪದವಿ ತರಗತಿಗಳಲ್ಲಿ ಸಂಖ್ಯಾಶಾಸ್ತ್ರ ಓದುತ್ತಿರುವವರಿಂದ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಒಂದೇ ಸಂದೇಹವನ್ನು ಹಲವರು ಕೇಳಿದ್ದಲ್ಲಿ ಒಂದು ಪತ್ರವನ್ನು ಮಾತ್ರ ಇಟ್ಟುಕೊಂಡಿದ್ದೇವೆ. ಉತ್ತರಗಳಲ್ಲಿ ಬರುವ ಲೆಕ್ಕಗಳು ಚಿಕ್ಕವು. ಕಾಗದ ಮತ್ತು ಕ್ಯಾಲ್ಕುಲೇಟರ್ ಹತ್ತಿರವಿಟ್ಟುಕೊಂಡು ಓದಿದರೆ ಹೆಚ್ಚು ಪ್ರಯೋಜನವಾದೀತು.

ಪ್ರಶ್ನೆ: ಯಾದೃಚ್ಛಿಕ ಚರವೆಂದರೆ ಫಲಿತಗಣದಿಂದ ವಾಸ್ತವ ಸಂಖ್ಯೆಗಳಿಗೆ ಇರುವ ಒಂದು ಉತ್ಪನ್ನ (ಫಂಕ್ಷನ್, ಅಂದರೆ ಪ್ರತಿ ಫಲಿತಕ್ಕೂ ಒಂದು ಸಂಖ್ಯೆಯನ್ನು ಕೊಡುವ ನಿಯಮ) ಎಂದು ನಮ್ಮ ಪಠ್ಯಪುಸ್ತಕದಲ್ಲಿದೆ. ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕವನ್ನೂ ಪಡೆದೆ, ಆದರೆ ಅರ್ಥವಾಗಿಲ್ಲ. ‘ಮೊದಲೇ ಹೇಳಲಾಗದ ಒಂದು ಸಂಖ್ಯೆ’ ಎಂದರೆ ಸಾಲದೇ?
(ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ, ಧಾರವಾಡ)

ಉತ್ತರ: ಒಂದೇ ಒಂದು ಸಂಖ್ಯೆಯ ಬಗ್ಗೆ ಮಾತನಾಡುವವರೆಗೆ ನೀವು ಹೇಳಿದ ವಿವರಣೆ ಸಾಲುತ್ತದೆ. ಒಂದೇ ಪ್ರಯೋಗದಿಂದ ಎರಡು ಸಂಖ್ಯೆಗಳು ಹುಟ್ಟಿದ ಕೂಡಲೇ ಅದು ಕೈಕೊಡುತ್ತದೆ. ಚೌಕಾಬಾರದ ಆಟವನ್ನೇ ತೆಗೆದುಕೊಳ್ಳಿ. ನಾಲ್ಕು ಕವಡೆಗಳನ್ನು ಎಸೆದಾಗ ಪ್ರತಿಯೊಂದೂ ಸೀಳುಬಾಯಿ ಮೇಲಾಗಿ ಅಂಗಾತ ಬೀಳುತ್ತದೆ, ಇಲ್ಲವೇ ಬೋರಲು ಬೀಳುತ್ತದೆ. ಕವಡೆಗಳಿಗೆ ಒಂದರಿಂದ ನಾಲ್ಕರವರೆಗೆ ಗುರುತು ಹಾಕಿಕೊಂಡರೆ, ಯಾವುದು ಹೇಗೆ ಬಿತ್ತು ಎಂಬುದರ ಒಟ್ಟು 16 ಪಟ್ಟಿಗಳು ಸಿಗುತ್ತವೆ, ಮತ್ತು ಈ 16 ಪಟ್ಟಿಗಳೇ ನಮ್ಮ ಫಲಿತಗಣ, ಅಂದರೆ ಬರಬಹುದಾದ ಎಲ್ಲ ಫಲಿತಗಳ ಗಣ. ಇವುಗಳಲ್ಲಿ ಒಂದೂ ಸಂಖ್ಯೆಯಲ್ಲ ಎಂಬುದನ್ನು ಗಮನಿಸಿ.

ಈಗ ಪ್ರತಿ ಪಟ್ಟಿಗೂ ಒಂದು ಸಂಖ್ಯೆಯನ್ನು ಕೊಡೋಣ. ಅಂಗಾತ ಬಿದ್ದ ಕವಡೆಗಳೆಷ್ಟು ಎಂದು ಎಣಿಸುವುದು ಒಂದು ಕ್ರಮ. ಇದರ ಬೆಲೆ 0ಯಿಂದ 4ರವರೆಗೆ ಇರುತ್ತದೆ. ಆಟದವರು ಎಣಿಸುವ ಗರ ಎರಡನೆಯ ಕ್ರಮ. ಒಂದು, ಎರಡು, ಮೂರು ಅಂಗಾತ ಬಿದ್ದರೆ ಗರವೂ ಅಷ್ಟೇ. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಹೀಗೆ ಒಂದೇ ಫಲಿತಗಣದ ಮೇಲೆ ಎರಡು ಉತ್ಪನ್ನಗಳು ಸಿದ್ಧವಾದವು, ಅಂದರೆ ಎರಡು ಯಾದೃಚ್ಛಿಕ ಚರಗಳು. ಕವಡೆ ನೆಲ ಮುಟ್ಟುವ ಮೊದಲೇ ಎರಡೂ ನಿಯಮಗಳು ಪೂರ್ತಿಯಾಗಿ ಗೊತ್ತಿರುತ್ತವೆ. ಗೊತ್ತಿಲ್ಲದಿರುವುದು 16 ಪಟ್ಟಿಗಳಲ್ಲಿ ಯಾವುದು ಬೀಳುತ್ತದೆ ಎಂಬುದು ಮಾತ್ರ.

ಈ ಬೇರ್ಪಡಿಕೆಯ ಲಾಭವನ್ನು ಲೆಕ್ಕದಲ್ಲಿಯೇ ನೋಡಬಹುದು. ಕವಡೆಗಳು ಪರಸ್ಪರ ಸ್ವತಂತ್ರವಾಗಿ ಬೀಳುತ್ತವೆ, ಅಂಗಾತಕ್ಕೂ ಬೋರಲಿಗೂ ಸಮ ಅವಕಾಶವಿದೆ ಎಂದು ಸದ್ಯಕ್ಕೆ ಇಟ್ಟುಕೊಳ್ಳಿ. ಆಗ ಪ್ರತಿ ಪಟ್ಟಿಗೂ 1/16 ಪಾಲು ಬರುತ್ತದೆ. ಗರ 1ಕ್ಕೆ ಕರೆದೊಯ್ಯುವ ಪಟ್ಟಿಗಳು 4, ಗರ 2ಕ್ಕೆ 6, ಗರ 3ಕ್ಕೆ 4, ಚೌಕಕ್ಕೆ 1, ಬಾರಕ್ಕೆ 1. ಗರದ ನಿರೀಕ್ಷಿತ ಮೌಲ್ಯ ಬೇಕಾದರೆ ಪ್ರತಿ ಬೆಲೆಯನ್ನು ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿಸಬೇಕು: 4, 12, 12, 4 ಮತ್ತು 8 ಸೇರಿ 40, ಅದನ್ನು 16ರಿಂದ ಭಾಗಿಸಿದರೆ 2.5. ಅಂಗಾತದ ಎಣಿಕೆಗೆ ಇದೇ ಲೆಕ್ಕ ಮಾಡಿದರೆ 2 ಬರುತ್ತದೆ. ಎರಡಕ್ಕೂ ಇರುವ ಅರ್ಧದ ಅಂತರ ಪೂರ್ತಿಯಾಗಿ ಬಾರದ 8ರಿಂದಲೇ ಬಂದಿದೆ.

ಇನ್ನು ಎರಡು ಬದಲಾವಣೆಗಳನ್ನು ಮಾಡಿ ನೋಡಿ. ಬಾರಕ್ಕೆ 8ರ ಬದಲು 6 ಎಂದು ಆಟಗಾರರು ಒಪ್ಪಿಕೊಂಡರೆ ಪಟ್ಟಿಗಳ ಸಂಭವನೀಯತೆ ಕಿಂಚಿತ್ತೂ ಬದಲಾಗುವುದಿಲ್ಲ, ಉತ್ಪನ್ನ ಮಾತ್ರ ಬದಲಾಗುತ್ತದೆ. ಕವಡೆ ಸಿಗದೆ ಒಂದು ಮಗ್ಗುಲು ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜಗಳಲ್ಲಿ ಆಡಿದರೆ ನಿಯಮ ಹಾಗೆಯೇ ಉಳಿದು ಸಂಭವನೀಯತೆಗಳು ಬದಲಾಗುತ್ತವೆ, ಏಕೆಂದರೆ ಉಜ್ಜಿದ ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು, ಮತ್ತು ಎರಡೂ ಸಮಸಮನಾಗಿ ಮೇಲಾಗಬೇಕೆಂಬ ಕಟ್ಟುಪಾಡೇನೂ ಇಲ್ಲ. ಬೆಳ್ಳಗಿನ ಮಗ್ಗುಲು ಮೇಲಾಗುವ ಸಂಭವನೀಯತೆ 0.4 ಎಂದಿಟ್ಟುಕೊಂಡರೆ ಬಾರ ಬೀಳುವ ಸಂಭವನೀಯತೆ 0.6ರ ನಾಲ್ಕನೇ ಘಾತ, ಅಂದರೆ 0.1296, ಸಮ ಅವಕಾಶದಲ್ಲಿ ಅದು 0.0625 ಇತ್ತು. ಬಾರ ಬೀಳುವುದು ದುಪ್ಪಟ್ಟಿಗಿಂತ ಹೆಚ್ಚಾದರೂ ಗರದ ನಿರೀಕ್ಷಿತ ಮೌಲ್ಯ 2.5ರಿಂದ ಸುಮಾರು 2.64ಕ್ಕೆ ಮಾತ್ರ ಏರುತ್ತದೆ, ಏಕೆಂದರೆ 3 ಮತ್ತು 4 ಬೀಳುವುದು ಅದೇ ವೇಳೆಗೆ ಕಡಿಮೆಯಾಗಿರುತ್ತದೆ. ನಿಯಮ ಮತ್ತು ಸಂಭವನೀಯತೆ ಹೀಗೆ ಒಂದನ್ನು ಬಿಟ್ಟು ಇನ್ನೊಂದು ಬದಲಾಗಬಲ್ಲವಾದ್ದರಿಂದಲೇ ವ್ಯಾಖ್ಯೆಯು ಅವನ್ನು ಬೇರೆ ಬೇರೆಯಾಗಿ ಇಟ್ಟಿದೆ.

ಇದೇ ಜಾಗದಲ್ಲಿ ಅನೇಕರು ಎಡವುವ ಇನ್ನೊಂದು ವಿಷಯವಿದೆ. ಸಮ ಅವಕಾಶದ ಕವಡೆಗಳಲ್ಲಿ ಅಂಗಾತದ ಎಣಿಕೆಗೂ ಬೋರಲಿನ ಎಣಿಕೆಗೂ ಒಂದೇ ವಿತರಣೆ (ಯಾವ ಬೆಲೆಗೆ ಎಷ್ಟು ಸಂಭವನೀಯತೆ ಎಂಬ ಹಂಚಿಕೆ) ಇರುತ್ತದೆ, ಆದರೆ ಅವು ಒಂದೇ ಚರವಲ್ಲ. ಒಂದು 4 ಆದಾಗ ಇನ್ನೊಂದು 0 ಆಗುತ್ತದೆ, ಮತ್ತು ಎರಡರ ಮೊತ್ತ ಯಾವಾಗಲೂ 4. ವಿತರಣೆ ಒಂದೇ ಆದ ಮಾತ್ರಕ್ಕೆ ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಮೊತ್ತದ ವೇರಿಯನ್ಸ್ (ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಸೊನ್ನೆಯಾಗಬೇಕಾದಲ್ಲಿ 4 ಬರುತ್ತದೆ. ಉತ್ತರ ಪತ್ರಿಕೆಗಳಲ್ಲಿ ಅತಿ ಹೆಚ್ಚಾಗಿ ಕಾಣುವ ತಪ್ಪುಗಳಲ್ಲಿ ಇದೂ ಒಂದು ಎಂದು ನನ್ನ ಅಭಿಪ್ರಾಯ.

ಪಠ್ಯಪುಸ್ತಕದ ವ್ಯಾಖ್ಯೆಗೆ ಇನ್ನೊಂದು ಬಾಲವೂ ಇರುತ್ತದೆ: ಯಾವುದೇ ಸಂಖ್ಯೆಯನ್ನು ಕೊಟ್ಟರೂ ‘ಚರದ ಬೆಲೆ ಆ ಸಂಖ್ಯೆಯನ್ನು ಮೀರುವುದಿಲ್ಲ’ ಎಂಬುದು ಸಂಭವನೀಯತೆ ಉಳ್ಳ ಒಂದು ಘಟನೆಯಾಗಿರಬೇಕು. ಕವಡೆಗಳಂಥ ಸಾಂತ ಫಲಿತಗಣದಲ್ಲಿ ಪ್ರತಿ ಉಪಗಣವನ್ನೂ ಘಟನೆಯೆಂದು ತೆಗೆದುಕೊಳ್ಳಬಹುದಾದ್ದರಿಂದ ಈ ಷರತ್ತು ತಾನಾಗಿಯೇ ಈಡೇರುತ್ತದೆ. ರಷ್ಯಾದ ಗಣಿತಜ್ಞ ಕೊಲ್ಮೊಗೊರೊವ್ 1933ರಲ್ಲಿ ಈ ಶಾಸ್ತ್ರಕ್ಕೆ ಸ್ವಯಂಸಿದ್ಧಗಳ ಅಡಿಪಾಯ ಹಾಕಿದಾಗ ಅನಂತ ಫಲಿತಗಣಗಳಿಗಾಗಿ ಇದು ಅನಿವಾರ್ಯವಾಯಿತು. ಪದವಿಯ ಎರಡನೇ ವರ್ಷದಲ್ಲಿ ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಆಸಕ್ತಿಯಿದ್ದರೆ ಒಂದು ಲೆಕ್ಕ. ಚೌಕ ಅಥವಾ ಬಾರ ಬಿದ್ದವರಿಗೆ ಮತ್ತೊಮ್ಮೆ ಎಸೆಯುವ ಅವಕಾಶವಿದೆ, ಅದಕ್ಕೆ ಮಿತಿಯಿಲ್ಲ ಎಂದುಕೊಳ್ಳಿ (ಮನೆಯಿಂದ ಮನೆಗೆ ಈ ನಿಯಮ ಬೇರೆಯಾಗುತ್ತದೆ). ಒಂದು ಸರದಿಯಲ್ಲಿ ಒಟ್ಟು ಎಷ್ಟು ಗರ ನಿರೀಕ್ಷಿಸಬಹುದು? ಮೊದಲ ಎಸೆತಕ್ಕೆ 2.5, ಅದಾದ ಮೇಲೆ 2/16 ಸಂಭವನೀಯತೆಯೊಂದಿಗೆ ಸರದಿ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ಉತ್ತರದ 7/8 ಭಾಗವು 2.5ಕ್ಕೆ ಸಮ, ಅಂದರೆ ಉತ್ತರ 20/7, ಸುಮಾರು 2.86.

ಪ್ರಶ್ನೆ: ಒಂದು ದಾಳವನ್ನು 4 ಸಲ ಎಸೆದರೆ ಒಮ್ಮೆಯಾದರೂ 6 ಬೀಳುವ ಸಂಭವನೀಯತೆ ನಾಲ್ಕು ಸಲ 1/6, ಅಂದರೆ 2/3 ಎಂದು ಬರೆದೆ. ಅಧ್ಯಾಪಕರು ಅಡ್ಡಗೆರೆ ಎಳೆದರು. ಕೂಡಿಸಿದರೆ ತಪ್ಪೇನು?
(ಬಿ.ಸಿ.ಎ. ವಿದ್ಯಾರ್ಥಿ, ತುಮಕೂರು)

ಉತ್ತರ: ನಿಮ್ಮ ವಾದವನ್ನು ಇನ್ನೆರಡು ಎಸೆತ ಮುಂದುವರಿಸಿ. 6 ಎಸೆತಕ್ಕೆ ಉತ್ತರ 1 ಆಗುತ್ತದೆ, ಅಂದರೆ ಆರು ಎಸೆತಗಳಲ್ಲಿ 6 ಬಿದ್ದೇ ತೀರಬೇಕು. 7 ಎಸೆತಕ್ಕೆ ಒಂದನ್ನೂ ಮೀರುತ್ತದೆ. ಪಗಡೆ ಆಡಿದ ಯಾರೂ ಇದನ್ನು ಒಪ್ಪಲಾರರು. ಸಂಭವನೀಯತೆಗಳನ್ನು ನೇರವಾಗಿ ಕೂಡಿಸುವುದು ಘಟನೆಗಳು ಪರಸ್ಪರ ವರ್ಜಿತವಾಗಿದ್ದಾಗ, ಅಂದರೆ ಒಟ್ಟಿಗೆ ನಡೆಯಲಾರದಿದ್ದಾಗ, ಮಾತ್ರ ಸರಿ. ಮೊದಲ ಎಸೆತದಲ್ಲಿ 6 ಬೀಳುವುದೂ ಎರಡನೆಯದರಲ್ಲಿ 6 ಬೀಳುವುದೂ ಒಟ್ಟಿಗೆ ನಡೆಯಬಹುದಾದ್ದರಿಂದ ಇಲ್ಲಿ ಕೂಡಿಸುವಾಗ ಕೆಲವು ಫಲಿತಗಳು ಎರಡು, ಮೂರು, ನಾಲ್ಕು ಸಲ ಎಣಿಕೆಗೆ ಬಂದುಬಿಡುತ್ತವೆ. ಸರಿಯಾದ ದಾರಿಯೆಂದರೆ ಒಮ್ಮೆಯೂ ಬೀಳದಿರುವ ಸಂಭವನೀಯತೆಯನ್ನು 1ರಿಂದ ಕಳೆಯುವುದು. 5/6ರ ನಾಲ್ಕನೇ ಘಾತ 625/1296. ಉಳಿದದ್ದು 671/1296, ಅಂದರೆ ಸುಮಾರು 0.518.

ಆದರೆ ನಿಮ್ಮ 2/3ಕ್ಕೆ ಅರ್ಥವೇ ಇಲ್ಲವೆಂದಲ್ಲ. ನಾಲ್ಕು ಎಸೆತಗಳಲ್ಲಿ ಬೀಳುವ 6ಗಳ ಎಣಿಕೆಯ ನಿರೀಕ್ಷಿತ ಮೌಲ್ಯ ಅದು, ಮತ್ತು ನಿರೀಕ್ಷಿತ ಮೌಲ್ಯಗಳನ್ನು ಯಾವ ಷರತ್ತೂ ಇಲ್ಲದೆ ಕೂಡಿಸಬಹುದು. ನೀವು ಬೇರೆಯದೇ ಪ್ರಶ್ನೆಗೆ ಸರಿಯುತ್ತರ ಬರೆದಿದ್ದೀರಿ.

ಈ ಗೊಂದಲಕ್ಕೆ ಮೂರೂವರೆ ಶತಮಾನದ ಇತಿಹಾಸವಿದೆ. ಫ್ರಾನ್ಸಿನ ಶೆವಾಲಿಯೆ ದ ಮೆರೆ ಎಂಬ ಜೂಜುಪ್ರಿಯ, ಒಂದು ದಾಳದಲ್ಲಿ 4 ಎಸೆತಕ್ಕೆ 6 ಬೀಳುವುದರ ಮೇಲೆ ಪಣ ಕಟ್ಟಿದರೆ ಲಾಭವಿದೆ, ಎರಡು ದಾಳಗಳಲ್ಲಿ 24 ಎಸೆತಕ್ಕೆ ಎರಡೂ 6 ಬೀಳುವುದರ ಮೇಲೆ ಕಟ್ಟಿದರೆ ನಷ್ಟವಿದೆ, ಅಂಕಗಣಿತವೇ ತನಗೆ ತಾನು ವಿರುದ್ಧವಾಗಿದೆ ಎಂದು ದೂರಿದ. 6 ಮುಖಗಳಿಗೆ 4 ಹೇಗೋ 36 ಜೋಡಿಗಳಿಗೆ 24 ಹಾಗೆಯೇ ಅಲ್ಲವೇ ಎಂಬುದು ಅವನ ತರ್ಕ. ಗಣಿತಜ್ಞ ಪಾಸ್ಕಲ್ 1654ರ ಜುಲೈ 29ರಂದು ಇನ್ನೊಬ್ಬ ಗಣಿತಜ್ಞ ಫರ್ಮಾಗೆ ಬರೆದ ಪತ್ರದಲ್ಲಿ ಈ ದೂರಿನ ಪ್ರಸ್ತಾಪವಿದೆ. ಸಂಭವನೀಯತಾ ಸಿದ್ಧಾಂತ ಹುಟ್ಟಿದ್ದೇ ಇವರಿಬ್ಬರ ಪತ್ರವ್ಯವಹಾರದಿಂದ ಎಂದು ಸಾಮಾನ್ಯವಾಗಿ ಹೇಳುತ್ತಾರೆ. 24 ಎಸೆತಕ್ಕೆ ಲೆಕ್ಕ ಹಾಕಿದರೆ ಸಂಭವನೀಯತೆ 0.491, ಅರ್ಧಕ್ಕಿಂತ ಕಡಿಮೆ. 25 ಎಸೆತಕ್ಕೆ ಅದು 0.506 ಆಗಿ ಅರ್ಧವನ್ನು ದಾಟುತ್ತದೆ.

ದ ಮೆರೆಯ ಅನುಪಾತ ಕಾಪಾಡುವುದು ನಿರೀಕ್ಷಿತ ಮೌಲ್ಯವನ್ನು. ಎರಡೂ ಪಣಗಳಲ್ಲಿ ಅದು 2/3 ತಾನೇ. ಆದರೆ ಆ 2/3 ಹಂಚಿಹೋಗುವ ಬಗೆ ಬೇರೆ. ಒಂದು ದಾಳದ 4 ಎಸೆತಗಳಲ್ಲಿ ಎರಡು ಅಥವಾ ಹೆಚ್ಚು ಸಲ 6 ಬೀಳುವ ಸಂಭವನೀಯತೆ 0.132, ಎರಡು ದಾಳಗಳ 24 ಎಸೆತಗಳಲ್ಲಿ ಜೋಡಿ ಆರು ಎರಡು ಅಥವಾ ಹೆಚ್ಚು ಸಲ ಬೀಳುವುದು 0.143. ಪಣಕ್ಕೆ ಒಂದೇ ಸಲ ಸಾಕು. ಎರಡನೆಯ ಸಲ ಬಿದ್ದದ್ದಕ್ಕೆ ಜೂಜುಗಾರನಿಗೆ ಏನೂ ಸಿಗುವುದಿಲ್ಲ, ಆದರೆ ಸರಾಸರಿಯ ಲೆಕ್ಕದಲ್ಲಿ ಅದೂ ಸೇರಿರುತ್ತದೆ. ಮೂರು ದಾಳಗಳನ್ನು 144 ಸಲ ಎಸೆದು ಮೂರೂ ಆರಕ್ಕಾಗಿ ಕಾದರೆ ಸಂಭವನೀಯತೆ ಇನ್ನೂ ಇಳಿದು 0.487 ಆಗುತ್ತದೆ. ಹೀಗೇ ದಾಳಗಳನ್ನು ಹೆಚ್ಚಿಸುತ್ತಾ ಹೋದರೆ ಅದು ತಲುಪುವ ಮಿತಿ 0.4866. ಆ ಸಂಖ್ಯೆ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಕೊನೆಯ ಪ್ರಶ್ನೆಯ ಉತ್ತರವನ್ನು ನೋಡಿ.

ಪ್ರಶ್ನೆ: ನಮ್ಮ ಕಾಲೇಜು ತಂಡದ ನಾಯಕ ಸತತವಾಗಿ ಟಾಸ್ ಸೋಲುತ್ತಿದ್ದಾನೆ. ದೊಡ್ಡ ಸಂಖ್ಯೆಗಳ ನಿಯಮದ ಪ್ರಕಾರ ಇನ್ನು ಮುಂದೆ ಅವನು ಹೆಚ್ಚು ಟಾಸ್ ಗೆಲ್ಲಬೇಕಲ್ಲವೇ? ಇಲ್ಲದಿದ್ದರೆ ಅನುಪಾತ ಅರ್ಧಕ್ಕೆ ಬರುವುದಾದರೂ ಹೇಗೆ?
(ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ಪ್ರಶ್ನೆಯ ಎರಡನೆಯ ಭಾಗ ಬಹಳ ಒಳ್ಳೆಯದು, ಏಕೆಂದರೆ ‘ನಾಣ್ಯಕ್ಕೆ ನೆನಪಿಲ್ಲ’ ಎಂದು ಹೇಳಿ ಮುಗಿಸುವವರು ಅದಕ್ಕೆ ಉತ್ತರ ಕೊಡುವುದಿಲ್ಲ. ನಾಯಕ ಸತತ 10 ಟಾಸ್ ಸೋತನೆಂದುಕೊಳ್ಳಿ. ಮುಂದಿನ 990 ಟಾಸ್‌ಗಳಲ್ಲಿ ಯಾವ ಪರಿಹಾರವೂ ಇಲ್ಲದೆ ಅರ್ಧದಷ್ಟು, ಅಂದರೆ 495 ಗೆಲುವುಗಳನ್ನು ನಿರೀಕ್ಷಿಸಬಹುದು. ಒಟ್ಟು 1000ದಲ್ಲಿ ಗೆಲುವು 495, ಸೋಲು 505. ಗೆಲುವಿನ ಅನುಪಾತ ಸೊನ್ನೆಯಿಂದ ಶೇಕಡ 49.5ಕ್ಕೆ ಬಂದಿದೆ. ಹತ್ತರ ಅಂತರವನ್ನು ಯಾರೂ ತೀರಿಸಲಿಲ್ಲ. ಅದು ಹಾಗೆಯೇ ಉಳಿದಿದೆ, ಆದರೆ ಸಾವಿರದ ಮುಂದೆ ಅದಕ್ಕೆ ತೂಕ ಉಳಿದಿಲ್ಲ.

ದೊಡ್ಡ ಸಂಖ್ಯೆಗಳ ನಿಯಮ, ಅಂದರೆ ಎಸೆತಗಳು ಹೆಚ್ಚಿದಂತೆ ಅನುಪಾತ ಸಂಭವನೀಯತೆಯ ಹತ್ತಿರಕ್ಕೆ ಬರುತ್ತದೆಂದು ಗಣಿತಜ್ಞ ಯಾಕೋಬ್ ಬರ್ನೂಲಿ ಸಾಧಿಸಿದ ಪ್ರಮೇಯ, ಅವನು ತೀರಿಕೊಂಡ ಎಂಟು ವರ್ಷಗಳ ನಂತರ 1713ರಲ್ಲಿ ಪ್ರಕಟವಾದದ್ದು, ಅನುಪಾತದ ಬಗ್ಗೆ ಮಾತ್ರ ಮಾತನಾಡುತ್ತದೆ. ಗೆಲುವು ಸೋಲುಗಳ ಅಂತರ ಕಡಿಮೆಯಾಗುತ್ತದೆಂದು ಅದು ಎಲ್ಲಿಯೂ ಹೇಳುವುದಿಲ್ಲ. ವಾಸ್ತವವಾಗಿ ಅಂತರ ಹಿಗ್ಗುವ ಕಡೆಗೇ ಇರುತ್ತದೆ. ಹೆಡ್‌ಗಳ ಎಣಿಕೆಯ ಮಾನಕ ವಿಚಲನೆ (ವೇರಿಯನ್ಸ್‌ನ ವರ್ಗಮೂಲ) ಎಸೆತಗಳ ವರ್ಗಮೂಲದ ಅರ್ಧ: 100 ಎಸೆತಕ್ಕೆ 5, 10,000 ಎಸೆತಕ್ಕೆ 50. ಅದನ್ನು ಒಟ್ಟು ಎಸೆತಗಳಿಂದ ಭಾಗಿಸಿದರೆ ಮೊದಲನೆಯದು ಶೇಕಡ 5, ಎರಡನೆಯದು ಶೇಕಡ 0.5.

ಇದನ್ನು ಕೈಯಾರೆ ಮಾಡಿ ನೋಡಿದವರೂ ಇದ್ದಾರೆ. ದಕ್ಷಿಣ ಆಫ್ರಿಕಾದ ಗಣಿತಜ್ಞ ಜಾನ್ ಕೆರಿಚ್ ಎರಡನೇ ಮಹಾಯುದ್ಧದಲ್ಲಿ ಡೆನ್ಮಾರ್ಕ್‌ನಲ್ಲಿ ಸಿಕ್ಕಿಬಿದ್ದು, ಬಂಧನ ಶಿಬಿರದಲ್ಲಿದ್ದಾಗ ನಾಣ್ಯವನ್ನು 10,000 ಸಲ ಚಿಮ್ಮಿ ಫಲಿತಗಳನ್ನು ಬರೆದಿಟ್ಟರು. ಮೊದಲ 100ರಲ್ಲಿ ಹೆಡ್ 44, ಅರ್ಧದಿಂದ 6 ದೂರ. 10,000ದ ಕೊನೆಗೆ 5067, ಅರ್ಧದಿಂದ 67 ದೂರ. ಎಣಿಕೆ ಅರ್ಧದಿಂದ ಹತ್ತು ಪಟ್ಟಿಗೂ ಹೆಚ್ಚು ದೂರ ಸರಿಯಿತು, ಆದರೆ ಅನುಪಾತ ಶೇಕಡ 44ರಿಂದ 50.67ಕ್ಕೆ ಬಂತು. ನಿಮ್ಮ ನಾಯಕನ ಮುಂದಿನ ಟಾಸ್‌ನ ಸಂಭವನೀಯತೆ, ಅವನು ಎಷ್ಟು ಸೋತಿದ್ದರೂ, ಅರ್ಧವೇ. ನಾಣ್ಯ ಚಿಮ್ಮುವವರ ಬಗ್ಗೆ ಅನುಮಾನವಿದ್ದರೆ ಅದು ಬೇರೆ ಪ್ರಶ್ನೆ, ಮತ್ತು ಸತತ 10 ಸೋಲಿನ ಸಂಭವನೀಯತೆ 1/1024 ಎಂಬುದು ಆ ಅನುಮಾನಕ್ಕೆ ಒಂದಿಷ್ಟು ಆಧಾರ ಕೊಡಬಹುದು. ಆದರೆ ಆಗ ನೀವು ಮುಂದೆಯೂ ಸೋಲನ್ನೇ ನಿರೀಕ್ಷಿಸಬೇಕು, ಗೆಲುವನ್ನಲ್ಲ.

ಪ್ರಶ್ನೆ: ಸಾಂದ್ರತಾ ಉತ್ಪನ್ನದ ಬೆಲೆ 2 ಎಂದು ಒಂದು ಲೆಕ್ಕದಲ್ಲಿ ಬಂತು. ಸಂಭವನೀಯತೆ 1ನ್ನು ಮೀರಬಹುದೇ?
(ಬಿ.ಎ. ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ಮೀರಲಾರದು, ಆದರೆ ಸಾಂದ್ರತೆ ಸಂಭವನೀಯತೆಯಲ್ಲ. ಅರ್ಧ ಗಂಟೆಗೊಂದು ಬಸ್ ಇರುವ ನಿಲ್ದಾಣಕ್ಕೆ ವೇಳೆ ನೋಡದೆ ಹೋದವರು ಕಾಯಬೇಕಾದ ಸಮಯ 0ಯಿಂದ ಅರ್ಧ ಗಂಟೆಯವರೆಗೆ ಸಮವಾಗಿ ಹರಡಿದೆ ಎಂದುಕೊಳ್ಳಿ. ಸಾಂದ್ರತೆಯ ರೇಖೆಯ ಕೆಳಗಿನ ಒಟ್ಟು ವಿಸ್ತೀರ್ಣ 1 ಆಗಬೇಕಾದ್ದರಿಂದ ಸಾಂದ್ರತೆ ಗಂಟೆಗೆ 2. ಅದೇ ಸಮಯವನ್ನು ನಿಮಿಷಗಳಲ್ಲಿ ಅಳೆದರೆ ಸಾಂದ್ರತೆ ನಿಮಿಷಕ್ಕೆ 1/30. ಮಾನ ಬದಲಾದರೆ ಬದಲಾಗುವ ಸಂಖ್ಯೆ ಸಂಭವನೀಯತೆ ಆಗಲಾರದು; ಅದನ್ನು ಒಂದು ಅವಧಿಯಿಂದ ಗುಣಿಸಿದಾಗ, ಅಥವಾ ಸಮವಲ್ಲದ ವಿತರಣೆಯಾದರೆ ಅನುಕಲಿಸಿದಾಗ, ಸಂಭವನೀಯತೆ ದೊರೆಯುತ್ತದೆ. ಹತ್ತರಿಂದ ಹನ್ನೊಂದು ನಿಮಿಷದ ಒಳಗೆ ಬಸ್ ಬರುವುದು 1/30. ನಿರ್ದಿಷ್ಟ ಒಂದು ಸೆಕೆಂಡಿನೊಳಗೆ ಬರುವುದು 1/1800. ಕರಾರುವಾಕ್ಕಾಗಿ ಹತ್ತು ನಿಮಿಷಕ್ಕೆ, ದಶಾಂಶದ ಕೊನೆಯ ಅಂಕಿಯವರೆಗೆ, ಬರುವುದು ಸೊನ್ನೆ. ಸಂಭವನೀಯತೆ ಸೊನ್ನೆ ಎಂದ ಮಾತ್ರಕ್ಕೆ ಅಸಾಧ್ಯವೆಂದಲ್ಲ. ಬಸ್ ಯಾವುದೋ ಒಂದು ಕ್ಷಣದಲ್ಲಿ ಬಂದೇ ಬರುತ್ತದೆ, ಆ ಕ್ಷಣದ ಸಂಭವನೀಯತೆಯೂ ಸೊನ್ನೆಯೇ ಆಗಿತ್ತು.

ಪ್ರಶ್ನೆ: ಪರಸ್ಪರ ವರ್ಜಿತ ಘಟನೆಗಳಿಗೂ ಸ್ವತಂತ್ರ ಘಟನೆಗಳಿಗೂ ಏನು ವ್ಯತ್ಯಾಸ? ಒಂದಕ್ಕೊಂದು ಸಂಬಂಧವಿಲ್ಲ ಎಂದೇ ಎರಡರ ಅರ್ಥವಲ್ಲವೇ?
(ವಿದ್ಯಾರ್ಥಿ, ಮಂಗಳೂರು)

ಉತ್ತರ: ಸಂಬಂಧವಿಲ್ಲದಿರುವುದು ಸ್ವತಂತ್ರ ಘಟನೆಗಳಲ್ಲಿ, ವರ್ಜಿತ ಘಟನೆಗಳ ನಡುವೆ ಇರುವುದು ಅತ್ಯಂತ ಗಟ್ಟಿಯಾದ ಸಂಬಂಧ. 52 ಎಲೆಗಳ ಕಟ್ಟಿನಿಂದ ಒಂದನ್ನು ಎಳೆದು ಅದು ಇಸ್ಪೀಟು ಎಂದು ಗೊತ್ತಾದರೆ ಆಟೀನು ಆಗುವ ಸಂಭವನೀಯತೆ 1/4ರಿಂದ ಸೊನ್ನೆಗೆ ಬೀಳುತ್ತದೆ. ಎಕ್ಕ ಆಗುವ ಸಂಭವನೀಯತೆ ಮಾತ್ರ 1/13 ಆಗಿಯೇ ಉಳಿಯುತ್ತದೆ. ಇಸ್ಪೀಟು ಮತ್ತು ಆಟೀನು ವರ್ಜಿತ, ಇಸ್ಪೀಟು ಮತ್ತು ಎಕ್ಕ ಸ್ವತಂತ್ರ. ಮೂರು ಘಟನೆಗಳಿದ್ದಾಗ ಎರಡೆರಡನ್ನು ಪರೀಕ್ಷಿಸಿ ಸುಮ್ಮನಾಗಬೇಡಿ. ಎರಡು ನಾಣ್ಯಗಳಲ್ಲಿ ಮೊದಲನೆಯದು ಹೆಡ್, ಎರಡನೆಯದು ಹೆಡ್, ಎರಡೂ ಒಂದೇ ಬಗೆ ಎಂಬ ಮೂರು ಘಟನೆಗಳಲ್ಲಿ ಯಾವ ಎರಡನ್ನು ತೆಗೆದುಕೊಂಡರೂ ಸ್ವತಂತ್ರ, ಆದರೆ ಎರಡು ನಡೆದರೆ ಮೂರನೆಯದು ನಡೆದೇ ತೀರುತ್ತದೆ.

ಪ್ರಶ್ನೆ: ಪೊಯ್ಸಾನ್ ವಿತರಣೆಯನ್ನು ಯಾವಾಗ ಬಳಸಬೇಕು? ‘ಅಪರೂಪದ ಘಟನೆಗಳಿಗೆ’ ಎಂದಷ್ಟೇ ಟಿಪ್ಪಣಿಯಲ್ಲಿದೆ.
(ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿ, ಮೈಸೂರು)

ಉತ್ತರ: ಅವಕಾಶಗಳು ಬಹಳಷ್ಟಿದ್ದು, ಪ್ರತಿಯೊಂದರಲ್ಲೂ ಘಟನೆ ನಡೆಯುವ ಸಂಭವನೀಯತೆ ಅತಿ ಕಡಿಮೆಯಿದ್ದು, ಒಂದು ನಡೆದದ್ದು ಇನ್ನೊಂದರ ಮೇಲೆ ಪರಿಣಾಮ ಬೀರದಿದ್ದರೆ, ನಡೆದ ಘಟನೆಗಳ ಎಣಿಕೆಗೆ ಈ ವಿತರಣೆ ಹೊಂದುತ್ತದೆ. ಇಲ್ಲಿನ ನಿಯತಾಂಕ (ವಿತರಣೆಯನ್ನು ಗೊತ್ತುಮಾಡುವ ಸಂಖ್ಯೆ) ಸರಾಸರಿ ಮಾತ್ರ. ಸರಾಸರಿ 2/3 ಆದರೆ ಒಂದೂ ನಡೆಯದಿರುವ ಸಂಭವನೀಯತೆ, ‘ಇ’ ಎಂಬ ಸ್ಥಿರಾಂಕದ ಋಣ 2/3 ಘಾತ, ಅಂದರೆ 0.5134, ಅದನ್ನು 1ರಿಂದ ಕಳೆದರೆ ದಾಳಗಳ ಲೆಕ್ಕದಲ್ಲಿ ಕಂಡ 0.4866.

ಪಠ್ಯಪುಸ್ತಕಗಳ ಪ್ರಸಿದ್ಧ ಉದಾಹರಣೆ ಪ್ರಷ್ಯಾದ ಸೈನ್ಯದ್ದು. ಬೊರ್ಟ್‌ಕೆವಿಚ್ ಎಂಬ ಸಂಖ್ಯಾಶಾಸ್ತ್ರಜ್ಞ 1898ರಲ್ಲಿ, ಕುದುರೆ ಒದ್ದು ಸತ್ತ ಸೈನಿಕರ 20 ವರ್ಷಗಳ ದಾಖಲೆಯನ್ನು ಪ್ರಕಟಿಸಿದ. 14 ದಳಗಳಲ್ಲಿ ರಚನೆ ಬೇರೆಯಾಗಿದ್ದ 4ನ್ನು ಬಿಟ್ಟರೆ 10 ದಳಗಳು, ಅಂದರೆ 200 ದಳ-ವರ್ಷಗಳು (ಒಂದು ದಳದ ಒಂದು ವರ್ಷಕ್ಕೆ ಒಂದು ಲೆಕ್ಕ) ಉಳಿಯುತ್ತವೆ. ಅವುಗಳಲ್ಲಿ ಒಂದೂ ಸಾವಿಲ್ಲದವು 109, ಒಂದು ಸಾವಿನವು 65, ಎರಡರವು 22, ಮೂರರವು 3, ನಾಲ್ಕರದು 1. ಒಟ್ಟು ಸಾವು 122, ಸರಾಸರಿ 0.61. ಆ ಸರಾಸರಿಯ ಪೊಯ್ಸಾನ್ ವಿತರಣೆ 0, 1 ಮತ್ತು 2 ಸಾವುಗಳಿಗೆ ಕೊಡುವ ಎಣಿಕೆಗಳು ಸುಮಾರು 108.7, 66.3 ಮತ್ತು 20.2. ಇನ್ನೊಂದು ತಾಳೆಯೂ ಇದೆ: ಪೊಯ್ಸಾನ್‌ನಲ್ಲಿ ವೇರಿಯನ್ಸ್ ಸರಾಸರಿಗೆ ಸಮನಾಗಿರಬೇಕು, ಮತ್ತು ಈ ದಾಖಲೆಯಿಂದ ಲೆಕ್ಕ ಹಾಕಿದರೆ ಅದು 0.608 ಬರುತ್ತದೆ.

ನಿಮ್ಮ ಕೈಯಲ್ಲಿರುವ ದತ್ತಾಂಶಕ್ಕೂ ಮೊದಲು ಇದೇ ತಾಳೆ ನೋಡಿ. ವೇರಿಯನ್ಸ್ ಸರಾಸರಿಗಿಂತ ಬಹಳ ಹೆಚ್ಚಿದ್ದರೆ ಘಟನೆಗಳು ಗುಂಪುಗುಂಪಾಗಿ ನಡೆಯುತ್ತಿವೆ, ಅಥವಾ ಸರಾಸರಿಯೇ ಜಾಗದಿಂದ ಜಾಗಕ್ಕೆ ಬೇರೆಯಾಗಿದೆ ಎಂದು ಅನುಮಾನಿಸಬೇಕು. ಒಂದು ಘಟ್ಟದ ರಸ್ತೆಯಲ್ಲಿ ವರ್ಷಕ್ಕೆ ನಡೆಯುವ ಅಪಘಾತಗಳ ಎಣಿಕೆಗೆ ಪೊಯ್ಸಾನ್ ಹೊಂದಬಹುದು. ಅದೇ ರಸ್ತೆಯಲ್ಲಿ ಗಾಯಗೊಂಡವರ ಎಣಿಕೆಗೆ ಹೊಂದುವ ಸಂಭವ ಕಡಿಮೆ, ಏಕೆಂದರೆ ಬಸ್ಸೊಂದು ಉರುಳಿದರೆ ಒಂದೇ ಘಟನೆಗೆ ಹತ್ತಿಪ್ಪತ್ತು ಜನ ಒಟ್ಟಿಗೆ ಲೆಕ್ಕಕ್ಕೆ ಸೇರುತ್ತಾರೆ.